ಕಳೆದ ವರ್ಷದ ಹೊಳೆ

ಈ ಸಲ ವಿಷು ಕಳೆದು ನಾಲ್ಕನೆಯ ದಿನ ಘಟ್ಟದ ಮೇಲೆ ಮಳೆ ಬಿತ್ತು. ಪಾಣೆಮಂಗಳೂರಿನಲ್ಲಿ ಒಂದು ಹನಿಯೂ ಇರಲಿಲ್ಲ. ನಾನು ಅಲ್ಲಿ ಹೊಳೆ ಬದಿಯ ಒಂದು ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದೆ. ಸ್ಲ್ಯಾಬಿಗೆ ಹಲಗೆ ಹಾಸಿ, ಅಡಿಯಿಂದ ಕಂಬ ಕೊಟ್ಟು ನಿಲ್ಲಿಸುವುದು ನಮ್ಮ ಕೆಲಸ. ಮಧ್ಯಾಹ್ನ ಊಟ ಮುಗಿಸಿ ಸೇತುವೆಯ ಕಡೆ ಹೋದಾಗ ಕೆಳಗಿನಿಂದ ಒಂದು ವಾಸನೆ ಬಂತು. ಬಿಸಿಲಿಗೆ ಕಾದ ಮರಳಿನ ಮೇಲೆ ಹೊಸ ನೀರು ಹತ್ತಿದಾಗ ಬರುವ ವಾಸನೆ. ಸ್ವಲ್ಪ ಮೀನು, ಸ್ವಲ್ಪ ಕೊಳೆತ ಎಲೆ, ಸ್ವಲ್ಪ ತುಕ್ಕು ಹಿಡಿದ ಕಬ್ಬಿಣ. ನೇತ್ರಾವತಿಯ ನಡುವೆ ಕೆಂಪು ನೀರಿನ ಸಣ್ಣದೊಂದು ಪಟ್ಟಿ ಇಳಿದು ಬರುತ್ತಿತ್ತು.

ನಾನು ಸೇತುವೆಯ ಕಂಬಿ ಹಿಡಿದು ನಿಂತೆ. ಜೊತೆಗಿದ್ದವನು, “ಎಂತ ಮೇಸ್ತ್ರಿ, ತಲೆ ತಿರುಗಿತಾ?” ಎಂದ. ಇಲ್ಲ ಎಂದೆ. ತಲೆಗಿಂತ ಮೊದಲು ನನ್ನ ಕೈಗೆ ನೆನಪಾಗಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ವಾಸನೆಯ ಒಂದು ಬೆಳಿಗ್ಗೆ, ಒಂದು ಬಿದಿರಿನ ಕೋಲು ನನ್ನ ಕೈಯಲ್ಲಿ ಇಳಿಯಬಾರದಷ್ಟು ಆಳಕ್ಕೆ ಇಳಿದಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆ ಬಂಟ್ವಾಳದಿಂದ ಮೇಲೆ, ಹೊಳೆಯ ಬಡಗು ದಡದಲ್ಲಿ. ಆಗ ಅಲ್ಲಿ ಸೇತುವೆ ಇರಲಿಲ್ಲ. ಮಳೆಗಾಲಕ್ಕೆ ದೋಣಿ, ಅಪ್ಪ ಬದುಕಿದ್ದಷ್ಟು ಕಾಲ ಆ ದೋಣಿ ನಡೆಸಿದ್ದು ಅಪ್ಪನೇ. ಮಕರ ತಿಂಗಳಲ್ಲಿ ನೀರು ತಗ್ಗಿದ ಮೇಲೆ ಮತ್ತೆ ಮಳೆ ಹಿಡಿಯುವವರೆಗೆ ಜನ ನಡೆದೇ ದಾಟುತ್ತಿದ್ದರು. ಆದರೆ ಬೇಕಾದಲ್ಲಿ ಇಳಿದು ದಾಟುವಂತಿರಲಿಲ್ಲ. ಮೇಲಿನಿಂದ ನೋಡಿದರೆ ಹೊಳೆಯೆಲ್ಲ ಒಂದೇ ಹಾಗೆ ಕಾಣುತ್ತದೆ. ಅಡಿಯಲ್ಲಿ ಮರಳಿನ ದಿಣ್ಣೆ, ಬಂಡೆ, ನಡುನಡುವೆ ಆಳದ ಗುಂಡಿ. ಆ ಗುಂಡಿಗೆ ನಮ್ಮಲ್ಲಿ ಕಯ ಎನ್ನುತ್ತಾರೆ. ಒಂದು ಮಳೆಗಾಲ ಕಳೆದರೆ ದಿಣ್ಣೆ ಇದ್ದಲ್ಲಿ ಕಯ, ಕಯ ಇದ್ದಲ್ಲಿ ದಿಣ್ಣೆ. ಹಾಗಾಗಿ ಪ್ರತಿ ವರ್ಷ ಯಾರಾದರೂ ಹೊಳೆಗೆ ಇಳಿದು, ಕಾಲಿನಿಂದ ಅಡಿಯನ್ನು ಮುಟ್ಟಿ ಮುಟ್ಟಿ ಹೊಸ ದಾರಿ ಹುಡುಕಿ, ಬಿದಿರಿನ ಕೋಲು ನೆಡಬೇಕು. ಕೋಲಿನ ತುದಿಗೆ ಮೈ ಒರೆಸುವ ಹಳೆ ಬೈರಾಸಿನ ಬಿಳಿ ಚೂರು ಕಟ್ಟುತ್ತಾರೆ. ದಾಟುವವರು ಕೋಲನ್ನು ನೀರು ಇಳಿಯುವ ಬದಿಗೆ ಇಟ್ಟುಕೊಂಡು ನಡೆಯಬೇಕು. ಕಾಲು ಜಾರಿದರೆ ನೀರು ನಮ್ಮನ್ನು ಕೋಲಿನ ಕಡೆಗೇ ತಳ್ಳುತ್ತದೆ, ಹಿಡಿದುಕೊಳ್ಳಲು ಒಂದು ಆಧಾರ ಸಿಗುತ್ತದೆ.

ಕೋಲು ನೆಡುತ್ತಿದ್ದ ಅಪ್ಪ ಸತ್ತ ಮೇಲೆ ಈ ಕೆಲಸ ನನಗೆ ಬರಬೇಕಿತ್ತು. ಬಂದದ್ದು ಅಕ್ಕನಿಗೆ. ನನ್ನ ಅಕ್ಕ ಲೀಲಾ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತು, ಆಮೇಲೆ ಅವಳೇ ಬೇಡವೆಂದಳು. ಚಿಕ್ಕಂದಿನಿಂದ ಅಪ್ಪನ ಜೊತೆ ನೀರಿಗೆ ಇಳಿದವಳು ಅವಳು. ನನಗೆ ನೀರೆಂದರೆ ಬೇಸರ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಸೆಂಟ್ರಿಂಗ್ ಕೆಲಸಕ್ಕೆ ಸೇರಿದೆ.

ಅಕ್ಕ ಬೀಡಿ ಕಟ್ಟುತ್ತಿದ್ದಳು. ಊರಿನ ಅರ್ಧದಷ್ಟು ಹೆಂಗಸರು ಕಟ್ಟುತ್ತಿದ್ದರು. ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚ್ ಇದ್ದದ್ದು ಆಚೆ ದಡದಲ್ಲಿ. ಕಟ್ಟಿದ ಬೀಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿಕೊಂಡು, ಹೆಂಗಸರೆಲ್ಲ ಸಾಲಾಗಿ ಅಕ್ಕನ ಕೋಲುಗಳ ಪಕ್ಕ ನಡೆದು ಹೋಗುತ್ತಿದ್ದರು. ಅವರಲ್ಲಿ ಗುಲಾಬಿಯಕ್ಕ ಮುಂದೆ. ಅವಳು ನೆರೆಮನೆಯವಳು, ಅಕ್ಕನ ಶಾಲೆಯ ಜೊತೆಗಾತಿ. ಇಬ್ಬರೂ ನಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುವುದು, ಒಬ್ಬಳ ಮೊರದ ಎಲೆ ಮುಗಿದರೆ ಇನ್ನೊಬ್ಬಳ ಮೊರಕ್ಕೆ ಕೈ ಹಾಕುವುದು. ಬೇರೆ ಹೆಂಗಸರು ನೀರಿಗೆ ಇಳಿಯುವ ಮೊದಲು ಒಮ್ಮೆ ನೋಡುತ್ತಿದ್ದರು, ಗುಲಾಬಿಯಕ್ಕ ನೋಡುತ್ತಿರಲಿಲ್ಲ. “ಲೀಲಾ ನೆಟ್ಟದ್ದಲ್ವಾ? ಕಣ್ಣು ಮುಚ್ಚಿ ಹೋಗ್ತೇನೆ,” ಎನ್ನುತ್ತಿದ್ದಳು.

ಅಕ್ಕ ಒಮ್ಮೆ ಕೋಲು ನೆಟ್ಟು ಸುಮ್ಮನಿರುವವಳಲ್ಲ. ವಾರಕ್ಕೊಮ್ಮೆಯಾದರೂ ಇಳಿಯುತ್ತಿದ್ದಳು. ಎರಡು ಕೋಲು ಅತ್ತ, ಮೂರು ಇತ್ತ. ನೀರಿನ ಮೇಲಿನ ಸುಕ್ಕು ನೋಡಿ, “ಅಲ್ಲಿ ಮರಳು ಏಳ್ತಾ ಉಂಟು,” ಎನ್ನುವಳು. ಬೆಳ್ಳಕ್ಕಿ ನಿಂತ ಜಾಗ ನೋಡುವಳು. ಮೊನ್ನೆ ಮೊಣಕಾಲು ಮುಳುಗಿ ನಿಂತಿದ್ದ ಹಕ್ಕಿ ಇವತ್ತು ಪಾದ ಕಾಣುವ ಹಾಗೆ ನಿಂತಿದ್ದರೆ ಅದನ್ನೂ ತಲೆಯಲ್ಲಿಟ್ಟುಕೊಳ್ಳುವಳು. ಸೋಮವಾರ “ಈ ವರ್ಷ ನಡು ದಿಣ್ಣೆ ಗಟ್ಟಿ” ಎಂದವಳು ಗುರುವಾರ “ನಡು ದಿಣ್ಣೆ ನಂಬಬಾರದು” ಎನ್ನುವಳು. ನನಗೆ ಅದು ತಮಾಷೆ. ನನ್ನ ಕೆಲಸದಲ್ಲಿ ಒಮ್ಮೆ ಗೀಟು ಹಾಕಿದರೆ ಮುಗಿಯಿತು.

ಒಂದು ದಿನ ಗುಲಾಬಿಯಕ್ಕನ ಎದುರೇ ಹೇಳಿದೆ, “ಅಕ್ಕಾ, ನಿನ್ನ ಬಾಯಿಗೆ ಒಂದು ಲೆವೆಲ್ ಪೈಪ್ ಹಿಡೀಬೇಕು. ನಿನ್ನೆ ಒಂದು, ಇವತ್ತು ಒಂದು.”

ಲೆವೆಲ್ ಪೈಪ್ ಎಂದರೆ ನೀರು ತುಂಬಿದ ಸಪೂರದ ಪಾರದರ್ಶಕ ಪೈಪು. ಎರಡು ತುದಿಯ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೋಡೆಗೆ ಗೀಟು ಹಾಕುತ್ತೇವೆ.

ಅಕ್ಕ ಎಲೆ ಕತ್ತರಿಸುತ್ತಾ ಹೇಳಿದಳು, “ನಿನ್ನ ಪೈಪಿನೊಳಗೆ ಇರುವುದೂ ನೀರೇ ಅಲ್ವಾ? ಅದು ಅಲ್ಲಾಡುವುದು ನಿಂತ ಮೇಲೆ ತಾನೇ ನೀನು ಗೀಟು ಹಾಕುವುದು?”

“ಹೌದು.”

“ಹೊಳೆ ನಿಲ್ಲುವುದೇ ಇಲ್ಲ ಮಾರಾಯ. ನಾನು ಎಲ್ಲಿ ಗೀಟು ಹಾಕಲಿ? ಅದು ಮಾತು ಬದಲಿಸಿದರೆ ನಾನೂ ಬದಲಿಸಬೇಕು.”

ಗುಲಾಬಿಯಕ್ಕ ನಕ್ಕು, “ಪಾಪ, ನಿನಗೆ ಒಂದು ಕಾಂಕ್ರೀಟಿನ ಹೊಳೆ ಮಾಡಿ ಕೊಡ್ಬೇಕು ಸುಂದರ,” ಎಂದಳು.

ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತ್ತು. ಬರೆಯುವಾಗ ಇದನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಮುಂದಿನದ್ದು ಬರೀ ಸೋಮಾರಿತನದ ಕಥೆಯಾಗುತ್ತದೆ. ಸೋಮಾರಿತನ ಮಾತ್ರ ಆಗಿರಲಿಲ್ಲ ಅದು. ಹೊಳೆ ಬದಿಯಲ್ಲಿ ಚಹಾದ ಅಂಗಡಿ ಇಟ್ಟಿದ್ದ ಮೋನಾಕ ಕೂಡ ನೀರಿನ ವಿಷಯ ಬಂದರೆ, “ಲೀಲಕ್ಕ ಎಂತ ಹೇಳಿದ್ದಾಳೆ?” ಎಂದು ಕೇಳುತ್ತಿದ್ದರು. ಗಂಡು ಮಗ ನಾನು ಎದುರಿಗೇ ಇದ್ದರೂ ನನ್ನನ್ನು ಕೇಳುತ್ತಿರಲಿಲ್ಲ.

ಆ ವರ್ಷ ಅಮ್ಮನ ಕಣ್ಣಿಗೆ ಪೊರೆ ಬಂದು ಆಪರೇಷನ್ ಎಂದಾಯಿತು. ವಿಷು ಕಳೆದ ವಾರ ಅಕ್ಕ ಅಮ್ಮನನ್ನು ಕರೆದುಕೊಂಡು ಉಜಿರೆಗೆ ಹೋದಳು. ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ನಿಲ್ಲುವುದೆಂದಿತ್ತು. ನನಗೆ ಅದೇ ಸಮಯಕ್ಕೆ ಮೂಡುಬಿದಿರೆಯಲ್ಲಿ ಒಂದು ಮನೆಯ ಸ್ಲ್ಯಾಬಿನ ಕೆಲಸ. ಮೊದಲ ಸಲ ಗುತ್ತಿಗೆದಾರರು ನನ್ನನ್ನೇ ಮೇಸ್ತ್ರಿ ಮಾಡಿ, “ಸುಂದರ, ಕಾಂಕ್ರೀಟ್ ಹಾಕುವ ದಿನ ನೀನೇ ನಿಂತು ನೋಡ್ಬೇಕು. ಒಂಬತ್ತು ಗಂಟೆಗೆ ಮಿಕ್ಸರ್ ಶುರು,” ಎಂದಿದ್ದರು. ಅದಕ್ಕೆಂದು ಹೊಸ ಪ್ಯಾಂಟು, ಹೊಸ ಅಂಗಿ ಹೊಲಿಸಿದ್ದೆ. ಸೆಂಟ್ರಿಂಗಿನವನಿಗೆ ಹೊಸ ಬಟ್ಟೆ ಯಾಕೆ ಎಂದು ಕೇಳಬಹುದು. ಮೇಸ್ತ್ರಿಯಾದವನು ಹಲಗೆ ಹೊರುವುದಿಲ್ಲ ಎಂದು ನಾಲ್ಕು ಜನಕ್ಕೆ ತೋರಿಸಲಿಕ್ಕೆ.

ಹಿಂದಿನ ಸಂಜೆ ಅಕ್ಕನ ಫೋನ್ ಬಂತು.

“ಸುಂದರಾ, ಇಲ್ಲಿ ಮೂರು ಗಂಟೆಯಿಂದ ಸಿಡಿಲು, ಮಳೆ. ಈಗ ಹೊಳೆ ಹತ್ತಿರ ಹೋಗಿ ನೋಡಿ ಬಂದೆ. ನೀರು ಕೆಂಪಾಗಿದೆ, ಕಸ ಹೊತ್ತುಕೊಂಡು ಹೋಗ್ತಾ ಉಂಟು. ಅಲ್ಲಿಗೆ ಬರುವಾಗ ರಾತ್ರಿ ಆಗ್ತದೆ. ಬೆಳಿಗ್ಗೆ ಇಳಿದು ಹೋಗ್ತದೆ, ಆದರೆ ಅಡಿ ಬದಲಾಗಿರ್ತದೆ. ನೀನು ಕೆಲಸಕ್ಕೆ ಹೋಗುವ ಮೊದಲು ಒಮ್ಮೆ ಇಳಿ.”

“ಇಲ್ಲಿ ಒಂದು ಹನಿ ಇಲ್ಲ ಅಕ್ಕ.”

“ಹನಿ ಬೇಡ ಮಾರಾಯ, ನೀರು ಬರ್ತದೆ. ನಡು ದಿಣ್ಣೆಯ ಹತ್ತಿರ ಕಾಲು ಹಾಕಿ ನೋಡು. ಕಣ್ಣಲ್ಲಿ ನೋಡಿದರೆ ಸಾಲದು. ಕೋಲು ಬಿದ್ದಿದ್ದರೆ ಮತ್ತೆ ಅದೇ ಜಾಗದಲ್ಲಿ ನೆಡಬೇಡ. ಗಟ್ಟಿ ಎಲ್ಲಿ ಸಿಗ್ತದೋ ಅಲ್ಲಿ ನೆಡು. ನಾಳೆ ಗುಲಾಬಿಯವರೆಲ್ಲ ಬ್ರಾಂಚಿಗೆ ಹೋಗುವ ದಿನ. ನಿನಗೆ ಆಗದಿದ್ದರೆ ಹೇಳು, ಮೋನಾಕರ ಹತ್ತಿರ ಹೇಳಿ ಯಾರೂ ಇಳಿಯದ ಹಾಗೆ ಮಾಡುವ.”

“ಮಾಡ್ತೇನೆ ಅಕ್ಕ. ಅಷ್ಟೂ ಆಗುವುದಿಲ್ವಾ ನನಗೆ?”

ಆಗುವುದಿಲ್ಲ ಎಂದಿದ್ದರೆ ಗುಲಾಬಿಯಕ್ಕ ಇವತ್ತು ಸರಿಯಾಗಿ ನಡೆಯುತ್ತಿದ್ದಳು.

ಬೆಳಿಗ್ಗೆ ಬೆಳಕು ಹರಿಯುವಾಗ ಹೊಳೆಗೆ ಹೋದೆ. ಹೊಸ ಪ್ಯಾಂಟು ಹಾಕಿಕೊಂಡೇ ಹೋಗಿದ್ದೆ, ಹಾಗೆಯೇ ಬಸ್ಸಿಗೆ ಹೋಗುವ ಅಂದಾಜು. ಅಕ್ಕ ಹೇಳಿದ ಹಾಗೆಯೇ ಆಗಿತ್ತು. ನೀರು ಬಂದು ಇಳಿದಿತ್ತು. ದಡದ ಮರಳಿನ ಮೇಲೆ ಎಲೆಕಸದ ಒಂದು ಗೆರೆ. ಸುಮಾರು ಮೂವತ್ತು ಕೋಲುಗಳಲ್ಲಿ ನಡುವಿನ ಏಳು ಇರಲಿಲ್ಲ. ಈಚೆ ಬದಿಯದ್ದು ನಿಂತಿತ್ತು, ಆಚೆ ಬದಿಯದ್ದು ನಿಂತಿತ್ತು, ನಡುವೆ ಬಾಯಿಯ ಹಲ್ಲು ಬಿದ್ದ ಹಾಗೆ ಖಾಲಿ.

ಅಕ್ಕ ಹಿತ್ತಿಲಲ್ಲಿ ಬಟ್ಟೆ ಕಟ್ಟಿದ ಕೋಲುಗಳನ್ನು ಯಾವಾಗಲೂ ಕೂಡಿಡುತ್ತಿದ್ದಳು. ಆರು ಸಿಕ್ಕಿತು. ಏಳನೆಯದನ್ನು ನಾನೇ ಕಡಿದು, ತುದಿಗೆ ಬಟ್ಟೆಯ ಚೂರು ಸುತ್ತಿ, ಜೇಬಿನಲ್ಲಿದ್ದ ಕಟ್ಟು ತಂತಿಯಿಂದ ಬಿಗಿದೆ. ನಮ್ಮ ಕೆಲಸದಲ್ಲಿ ಕಬ್ಬಿಣದ ಸರಳು ಬಿಗಿಯುವ ತಂತಿ ಅದು. ಪ್ಯಾಂಟು ಮಡಚಿ ನೀರಿಗೆ ಇಳಿದೆ. ಒಂದು ಕಣ್ಣು ಮುಚ್ಚಿ, ಈಚೆಯ ಕೊನೆಯ ಕೋಲಿನಿಂದ ಆಚೆಯ ಮೊದಲ ಕೋಲಿಗೆ ಗುರಿ ಹಿಡಿದೆ, ಕಂಬ ಸಾಲು ನಿಲ್ಲಿಸುವಾಗ ಹಿಡಿಯುವ ಹಾಗೆ. ಅಕ್ಕನ ದಾರಿ ಅಲ್ಲಿ ಎಮ್ಮೆ ನಡೆದ ಹಾಗೆ ಸುತ್ತಿ ಬಳಸಿ ಹೋಗುತ್ತಿತ್ತು. ನಾನು ಅದನ್ನು ನೆಟ್ಟಗೆ ಮಾಡಿದೆ. ನನಗೆ ಖುಷಿಯೂ ಆಯಿತು. ಕಾಲಿನ ಅಡಿಯಲ್ಲಿ ಏನಿದೆ ಎಂದು ನೋಡಲಿಲ್ಲ. ನೋಡಿದ್ದು ಸಾಲು ಮಾತ್ರ.

ಆರನೆಯ ಕೋಲು ನೆಡುವಾಗ ನೀರು ತೊಡೆಗೆ ಬಂತು. ಮಡಚಿದ ಪ್ಯಾಂಟಿನ ಅಂಚು ಒದ್ದೆಯಾಯಿತು. ಇನ್ನು ಎರಡು ಹೆಜ್ಜೆ ಮುಂದೆ ಹೋದರೆ ಸೊಂಟ. ನಾನು ಹೋಗಲಿಲ್ಲ. ಅಲ್ಲೇ ನಿಂತು, ಕೈ ಚಾಚಿ, ಏಳನೆಯ ಕೋಲನ್ನು ಮುಂದಕ್ಕೆ ಒತ್ತಿದೆ. ಅದು ಇಳಿಯಿತು. ಮತ್ತೂ ಇಳಿಯಿತು. ಮೊಸರಿಗೆ ಬೆರಳು ಹಾಕಿದ ಹಾಗೆ. ಕೈಗೆ ಗೊತ್ತಾಯಿತು, ಅಡಿಯಲ್ಲಿ ಗಟ್ಟಿ ಇಲ್ಲ. ತೆಗೆದು ಒಂದು ಗೇಣು ಈಚೆಗೆ ಒತ್ತಿದೆ. ಅಲ್ಲೂ ಹಾಗೆಯೇ. ಕೊನೆಗೆ ಸ್ವಲ್ಪ ವಾಲಿಕೊಂಡು ನಿಂತಿತು. ‘ನಿಂತಿತಲ್ಲ’ ಎಂದುಕೊಂಡೆ. ಅಷ್ಟರಲ್ಲಿ ಮಾರ್ಗದ ಮೇಲೆ ಬಸ್ಸಿನ ಹಾರ್ನ್ ಕೇಳಿತು. ಓಡಿದೆ.

ಸಿದ್ಧಕಟ್ಟೆ ದಾಟುವಾಗ ಕಿಟಕಿ ಪಕ್ಕ ಕೂತು ಪ್ಯಾಂಟಿನ ಅಂಚು ಒಣಗಿತೋ ಎಂದು ಮುಟ್ಟಿ ನೋಡಿದ್ದು ನನಗೆ ಸರಿಯಾಗಿ ನೆನಪಿದೆ.

ಹನ್ನೆರಡರ ಹೊತ್ತಿಗೆ ಸ್ಲ್ಯಾಬ್ ಅರ್ಧ ಆಗಿತ್ತು. ಮೋನಾಕರ ಫೋನ್ ಬಂತು. “ಸುಂದರಾ, ಗುಲಾಬಿ ಹೊಳೆಗೆ ಬಿದ್ದಳು. ಜೀವ ಉಂಟು. ನೀನು ಬಾ.” ಅಷ್ಟೇ ಹೇಳಿ ಇಟ್ಟರು.

ನಾನು ಮುಟ್ಟುವಾಗ ಅವಳನ್ನು ಜೀಪಿನಲ್ಲಿ ಬಂಟ್ವಾಳಕ್ಕೆ ಕೊಂಡುಹೋಗಿ ಆಗಿತ್ತು. ದಡದಲ್ಲಿ ಜನ. ಮೋನಾಕರ ಬಟ್ಟೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಎಳೆದು ತಂದವರು ಅವರೇ. ಗುಲಾಬಿಯಕ್ಕ ಎಂದಿನ ಹಾಗೆ ಸಾಲಿನ ಮುಂದೆ ಇದ್ದಳಂತೆ. ನಡುವಿನಲ್ಲಿ ಒಮ್ಮೆಲೇ ಕುತ್ತಿಗೆವರೆಗೆ ಇಳಿದಳಂತೆ. ಕೋಲು ಹಿಡಿದಳಂತೆ. ಕೋಲು ಅವಳ ಕೈಗೇ ಬಂತಂತೆ. ನೀರು ಅವಳನ್ನು ಕೆಳಗಿನ ಬಂಡೆಗೆ ಬಡಿದಿತ್ತು, ಸೊಂಟದ ಹತ್ತಿರ ಎಲುಬು ಮುರಿದಿತ್ತು. ಉಳಿದ ಹೆಂಗಸರು ನಿಂತಲ್ಲೇ ನಿಂತು ಕೂಗಿದ್ದಾರೆ.

“ಎಳೆದು ದಡಕ್ಕೆ ಹಾಕಿದ ಮೇಲೂ ಕೋಲು ಬಿಡಲಿಲ್ಲ ಅವಳು,” ಎಂದರು ಮೋನಾಕ. “ಬೆರಳು ಬಿಡಿಸಲಿಕ್ಕೆ ಇಬ್ಬರು ಬೇಕಾಯ್ತು.”

ಇನ್ನು ಯಾರೂ ಇಳಿಯಬಾರದೆಂದು ಅವರು ಉಳಿದ ಕೋಲುಗಳನ್ನೆಲ್ಲ ಕಿತ್ತು ರಾಶಿ ಹಾಕಿದ್ದರು. ಅವಳ ಕೈಯಿಂದ ಬಿಡಿಸಿದ ಕೋಲು ಬೇರೆಯೇ ಬಿದ್ದಿತ್ತು. ತುದಿಯಲ್ಲಿ ನನ್ನ ತಂತಿ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಅದನ್ನು ಸುಮ್ಮನೆ ಎತ್ತಿಕೊಂಡು ಮನೆಗೆ ಹೋದೆ. ಬಚ್ಚಲ ಒಲೆಗೆ ಮುರಿದು ಹಾಕಿ ಬೆಂಕಿ ಕೊಟ್ಟೆ. ಹಸಿ ಬಿದಿರು, ಬೇಗ ಹಿಡಿಯಲಿಲ್ಲ. ಹೊಗೆಯಲ್ಲಿ ಕೂತು ಊದಿದೆ.

ಅಕ್ಕ ಸಂಜೆಯ ಬಸ್ಸಿನಲ್ಲಿ ಒಬ್ಬಳೇ ಬಂದಳು. ಮನೆಗೆ ಬರಲಿಲ್ಲ, ನೇರ ಹೊಳೆಗೆ. ನಾನೂ ಹೋದೆ. ಮೋನಾಕ ಇದ್ದರು, ಇನ್ನೂ ನಾಲ್ಕೈದು ಜನ ಇದ್ದರು. ಅಕ್ಕ ನನ್ನ ಮುಖ ನೋಡಿ ಕೇಳಿದಳು.

“ಬೆಳಿಗ್ಗೆ ಇಳಿದೆಯಾ?”

“ಇಳಿದೆ.”

“ಕಾಲು ಹಾಕಿ ನೋಡಿದೆಯಾ?”

“ನೋಡಿದೆ. ಗಟ್ಟಿಯೇ ಇತ್ತು.”

“ಕೋಲು?”

ಅವಳು ಮೂರು ಸಲ ಕೇಳಿದ್ದಳು. ಮೂರು ಬಾಗಿಲು ತೆರೆದು ಹಿಡಿದಿದ್ದಳು ಎಂದು ಈಗ ಅನಿಸುತ್ತದೆ. ನಾನು ಹೇಳಿದೆ, “ಎಲ್ಲ ನೀನು ನೆಟ್ಟ ಕಡೆಯೇ ಇತ್ತು ಅಕ್ಕ. ಒಂದೂ ಅಲ್ಲಾಡಿರಲಿಲ್ಲ.”

ಅಕ್ಕ ನೀರಿನ ಕಡೆ ತಿರುಗಿದಳು. ಅಲ್ಲಿ ಈಗ ಕೋಲು ಇಲ್ಲ, ಗುರುತಿಲ್ಲ, ಬರೀ ನೀರು.

“ಹಾಗಾದರೆ ಕಯದ ಅಂಚಿನಲ್ಲೇ ನೆಟ್ಟಿದ್ದೇನೆ,” ಎಂದಳು. “ಮೇಲೆ ಗಟ್ಟಿ, ಅಡಿ ಟೊಳ್ಳು. ನನಗೆ ಗೊತ್ತಾಗಲಿಲ್ಲ.”

ಮೋನಾಕ, “ಹೊಳೆ ಅಲ್ವಾ ಲೀಲಕ್ಕ, ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ,” ಎಂದರು.

“ನನಗೆ ಆಗ್ತಿತ್ತು,” ಎಂದಳು ಅಕ್ಕ.

ಎರಡು ದಿನ ಬಿಟ್ಟು ಅವಳು ಬೂದಿಯಿಂದ ಪಾತ್ರೆ ತಿಕ್ಕುವಾಗ ಏನೋ ಬೆರಳಿಗೆ ಚುಚ್ಚಿತು. ಸುಟ್ಟು ಕಪ್ಪಾದ ತಂತಿಯ ಉಂಗುರ. “ಇದೆಂತದು ಒಲೆಯಲ್ಲಿ?” ಎಂದು ಕೇಳಿದಳು. “ಕೆಲಸದ್ದು, ಜೇಬಿನಿಂದ ಬಿದ್ದಿರಬೇಕು,” ಎಂದೆ. ಅವಳು ಬೆರಳು ಬಾಯಲ್ಲಿಟ್ಟುಕೊಂಡು ತಂತಿಯನ್ನು ನನ್ನ ಕಡೆ ಎಸೆದಳು.

ಆ ಬೇಸಗೆ ಮುಗಿಯುವವರೆಗೆ ಯಾರೂ ನಡೆದು ದಾಟಲಿಲ್ಲ. ಮುಂದಿನ ಮಕರಕ್ಕೆ ಜನ ಬಂದು ಕರೆದರು. ಅಕ್ಕ ಒಲ್ಲೆ ಎಂದಳು. ಮತ್ತೆ ಯಾವ ವರ್ಷವೂ ಇಳಿಯಲಿಲ್ಲ. ಬೇರೆಯವರು ಎರಡು ವರ್ಷ ನೆಟ್ಟರು, ಅಂಜಿ ಅಂಜಿ ದಾಟಿದರು. ಆಮೇಲೆ ಮೇಲಿನ ತಿರುವಿನಲ್ಲಿ ಸೇತುವೆಯಾಯಿತು. ಆ ದಾರಿಯ ಅಗತ್ಯವೇ ಹೋಯಿತು.

ಅವಳು ಹೊಳೆ ಬಿಟ್ಟದ್ದು ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಮನೆಯೊಳಗೆ ಆದದ್ದು. ಅಕ್ಕ ಎಲ್ಲದಕ್ಕೂ ಕೇಳಲು ಶುರು ಮಾಡಿದಳು. ಬೀಡಿ ಎಲೆ ಒಣಗಲು ಹಾಕುವಾಗ ಆಕಾಶ ನೋಡಿ ತಾನೇ ಹೇಳುತ್ತಿದ್ದವಳು ಈಗ ನನ್ನನ್ನು ಕೇಳುವಳು, “ಮಳೆ ಬರ್ತದಾ? ನಿನ್ನ ಮೊಬೈಲಿನಲ್ಲಿ ನೋಡು.” ಕಪ್ಪು ಮೋಡ ಮನೆಯ ಮಾಡಿನ ಮೇಲೇ ನಿಂತಿದ್ದರೂ ಮೊಬೈಲ್ ‘ಮಳೆ ಇಲ್ಲ’ ಎಂದರೆ ಎಲೆ ಹೊರಗೇ. ಸಾರು ಮಾಡಿದರೆ ಸೌಟು ಹಿಡಿದುಕೊಂಡು ಬಂದು, “ಉಪ್ಪು ಸರಿ ಉಂಟಾ ನೋಡು,” ಎನ್ನುವಳು. ತಾನು ರುಚಿ ನೋಡಿ ಆಗಿದ್ದರೂ ಕೇಳುವಳು. ಅಮ್ಮ ಒಂದು ದಿನ, “ನಿನ್ನ ನಾಲಿಗೆ ಎಂತ ಆಯ್ತು ಮಾರಾಯ್ತಿ?” ಎಂದು ಗದರಿದರು. ಅಕ್ಕ ಹೇಳಿದಳು, “ನನಗೆ ಸರಿ ಅಂತ ಕಾಣ್ತದೆ ಅಮ್ಮ. ಆದರೆ ಅವತ್ತೂ ಸರಿ ಅಂತಲೇ ಕಂಡದ್ದು.”

ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಸೌಟಿನಿಂದ ಸಾರು ನೆಕ್ಕಿ, “ಸರಿ ಉಂಟು ಅಕ್ಕ,” ಎಂದೆ.

ಹೊಳೆಯ ಜೊತೆ ತಿರುಗುತ್ತಿದ್ದ ತಲೆ ಅಕ್ಕನದ್ದು. ನೀರು ಬಗ್ಗಿದರೆ ಬಗ್ಗುವುದು, ಮೋಡ ಬಂದರೆ ಕಪ್ಪಾಗುವುದು. ಅದನ್ನು ನಾನು ಬುದ್ಧಿ ನೆಟ್ಟಗಿಲ್ಲದ್ದೆಂದು ತಮಾಷೆ ಮಾಡಿದ್ದೆ. ನೆಟ್ಟಗಿದ್ದದ್ದು ನನ್ನ ತಲೆ. ಅದರೊಳಗೆ ಹರಿಯುತ್ತಿದ್ದದ್ದು ಕಳೆದ ವರ್ಷದ ಹೊಳೆ. ಒಂದು ಸುಳ್ಳಿನಿಂದ ಅಕ್ಕನ ತಲೆಯನ್ನೂ ನಾನು ಅದೇ ದಿನದಲ್ಲಿ ನಿಲ್ಲಿಸಿಬಿಟ್ಟೆ.

ಗುಲಾಬಿಯಕ್ಕ ಆರು ತಿಂಗಳು ಮಲಗಿದಳು. ಆ ಆರು ತಿಂಗಳು ಅಕ್ಕ ತನ್ನ ಬೀಡಿ ಕಟ್ಟಿದ ಮೇಲೆ ಅವಳ ಪಾಲಿನದ್ದನ್ನೂ ಕಟ್ಟಿ ಕೊಟ್ಟಳು. ಎದ್ದ ಮೇಲೆ ಗುಲಾಬಿಯಕ್ಕನಿಗೆ ಹೊಳೆ ದಾಟಿ ಬ್ರಾಂಚಿಗೆ ಹೋಗುವುದು ಆಗದು ಎಂದಾಯಿತು. ಗಂಡನ ಜೊತೆ ಆಚೆ ದಡದ ತವರುಮನೆಯ ಹತ್ತಿರ ಹೋಗಿ ಉಳಿದಳು. ಕೈಯಲ್ಲಿ ಒಂದು ಬೆತ್ತ ಬಂತು. ನನ್ನ ಮದುವೆಗೆ ಬಂದಾಗ ಎಲ್ಲರ ಎದುರು ಬೆತ್ತ ಎತ್ತಿ ತೋರಿಸಿ ನಗಾಡಿದಳು: “ಹೊಳೆಯಿಂದ ಕೋಲು ಹಿಡ್ಕೊಂಡು ಬಂದವಳು ಇನ್ನೂ ಬಿಡಲಿಲ್ಲ ನೋಡು ಸುಂದರ!” ಎಲ್ಲರೂ ನಕ್ಕರು. ಅಕ್ಕ ಎದ್ದು ಒಳಗೆ ಹೋದಳು. ನಾನು ಮದುಮಗನ ಪೇಟ ಸರಿ ಮಾಡಿಕೊಂಡೆ.

ಮದುವೆಯಾದ ಮೇಲೆ ಪಾಣೆಮಂಗಳೂರಿನಲ್ಲಿ ಮನೆ ಮಾಡಿದೆ. ಕೆಲಸಕ್ಕೆ ಹತ್ತಿರ ಎಂದು ಹೇಳಿಕೊಂಡೆ. ನಿಜವಾಗಿ ಆ ಸೌಟಿನಿಂದ ದೂರ. ಅಮ್ಮ ತೀರಿಕೊಂಡ ಮೇಲೂ ಅಕ್ಕನನ್ನು ಕರೆದುಕೊಂಡು ಬರಲಿಲ್ಲ.

ಈ ಸಲ ಸೇತುವೆಯ ಮೇಲೆ ಆ ವಾಸನೆ ಬಂದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಬೈಕು ತೆಗೆದುಕೊಂಡು ಊರಿಗೆ ಹೋದೆ. ಅಕ್ಕ ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದಳು. ತಲೆಯಲ್ಲಿ ಅರ್ಧ ಬಿಳಿ. “ಎಂತ ಒಬ್ಬನೇ? ಚಹಾ ಮಾಡ್ತೇನೆ,” ಎಂದು ಏಳಲು ಹೋದಳು. “ಕೂತ್ಕೋ ಅಕ್ಕ,” ಎಂದು ಕಂಬದ ಹತ್ತಿರ ನಿಂತೇ ಹೇಳಿದೆ. ಪ್ಯಾಂಟಿನಿಂದ ಹಿಡಿದು ಒಲೆಯವರೆಗೆ, ಒಂದೂ ಬಿಡದೆ.

ಅವಳ ಕತ್ತರಿ ನಿಲ್ಲಲಿಲ್ಲ. ಎಲೆ ತಿರುಗಿಸಿ ಕತ್ತರಿಸುತ್ತಲೇ ಇದ್ದಳು. ಮೊರ ತುಂಬಿತು.

“ಏಳನೆಯ ಕೋಲು ಎಷ್ಟು ಇಳಿಯಿತು?” ಎಂದಳು.

ನನಗೆ ಬೈಗುಳ ಬರುವ ನಿರೀಕ್ಷೆ ಇತ್ತು. ಕೈಯಲ್ಲಿ ಅಳತೆ ತೋರಿಸಿದೆ.

“ಮರಳು ನುಣ್ಣಗೆ ಇತ್ತಾ, ತರಿ ಇತ್ತಾ?”

“ಮೊಸರಿನ ಹಾಗೆ.”

“ಮೊದಲಿನ ಆರು?”

“ಗಟ್ಟಿಯೇ ನಿಂತಿತು.”

ಅವಳು ಕತ್ತರಿ ಕೆಳಗಿಟ್ಟು, ಜಗಲಿಯ ಸಗಣಿ ನೆಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದಳು. ಇನ್ನೊಂದು. “ಹಾಗಾದರೆ ನಡು ದಿಣ್ಣೆ ಕರಗಿ ಹೊಸ ಕಯ ಆದದ್ದು. ದಾರಿ ಮೇಲ್ಬದಿಗೆ ಹೋಗಬೇಕಿತ್ತು, ಬಂಡೆಯ ಹಿಂದಿನಿಂದ.” ತನಗೇ ಹೇಳಿಕೊಳ್ಳುತ್ತಿದ್ದಳು. “ನಾನು ನೆಟ್ಟದ್ದು ಸರಿಯೇ ಇತ್ತು. ಮಳೆ ಬಂದ ಮೇಲೆ ಬದಲಾದದ್ದು. ನಾನು ಫೋನಿನಲ್ಲಿ ಹೇಳಿದ್ದೂ ಅದನ್ನೇ.” ಆಮೇಲೆ ತನ್ನ ಬೆರಳನ್ನೇ ನೋಡಿದಳು. “ಆ ತಂತಿ.”

“ಹೌದು ಅಕ್ಕ.”

ಆಗ ನನ್ನ ಮುಖ ನೋಡಿದಳು. “ಹನ್ನೊಂದು ವರ್ಷ, ಸುಂದರ. ಬಾವಿಯ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿದೆ ನಾನು. ನಿನ್ನ ಕಣ್ಣ ಎದುರು.”

ಕಾಲಿಗೆ ಬೀಳಲು ಬಗ್ಗಿದೆ. “ಅದೆಲ್ಲ ಬೇಡ,” ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. “ಗುಲಾಬಿ ಹತ್ತಿರ ಹೋಗುವ, ಏಳು. ನೀನೇ ಹೇಳ್ಬೇಕು.”

ನಾನು ಬೈಕಿನ ಕಡೆ ಹೋದೆ. ಅವಳು ಹೊಳೆಯ ಕಡೆ ಇಳಿದಳು. “ಅಕ್ಕ, ಸೇತುವೆಯಲ್ಲಿ ಹೋಗುವ,” ಎಂದು ಕೂಗಿದೆ. ತಿರುಗಲಿಲ್ಲ. ಹಿತ್ತಿಲಿನಲ್ಲಿ ಬಟ್ಟೆ ಒಣಗಿಸಲು ಆನಿಸಿದ್ದ ಒಂದು ಬಿದಿರು ತೆಗೆದುಕೊಂಡಳು, ಸೀರೆ ಎತ್ತಿ ಕಟ್ಟಿದಳು. ಘಟ್ಟದ ಮಳೆಯ ಕೆಂಪು ಕಳೆದು ನೀರು ತಿಳಿಯಾಗಿತ್ತು. ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತಳು.

“ದಾರಿ ಎಲ್ಲಿ ಉಂಟು ಅಕ್ಕ?”

“ನನಗೆ ಗೊತ್ತಿಲ್ಲ. ಇಳಿದರೆ ಗೊತ್ತಾಗ್ತದೆ.”

ಒಂದು ಹೆಜ್ಜೆ ಇಟ್ಟಳು, ಹಿಂದೆ ತೆಗೆದಳು, ಮೇಲ್ಬದಿಗೆ ಸರಿದು ಮತ್ತೆ ಇಟ್ಟಳು. ನಾನು ಹಿಂದಿನಿಂದ ಇಳಿದೆ. ನಡುವಿನಲ್ಲಿ ನೀರು ಸೊಂಟಕ್ಕೆ ಬಂತು. ಅವಳು ನಿಂತು, ತಿರುಗದೆ ಕೇಳಿದಳು, “ನಿನ್ನ ಕಾಲ ಅಡಿಯಲ್ಲಿ ಎಂತ ಉಂಟು?”

“ಮರಳು.”

“ನೋಡಿ ಹೇಳು. ಅಂದಾಜಿಗೆ ಹೇಳ್ಬೇಡ.”

ನಿಂತೆ. ಹಿಮ್ಮಡಿಯ ಕೆಳಗಿನಿಂದ ಮರಳು ಸಣ್ಣಗೆ ಜಾರಿ ಹೋಗುತ್ತಿತ್ತು, ನಿಂತಷ್ಟು ಹೊತ್ತೂ ಹೋಗುತ್ತಲೇ ಇತ್ತು. ಈ ಹೊಳೆಯ ಬದಿಯಲ್ಲಿ ಹುಟ್ಟಿದವನಿಗೆ ಅದು ಗೊತ್ತಾದದ್ದು ಅವತ್ತು. “ಜಾರ್ತಾ ಉಂಟು ಅಕ್ಕ,” ಎಂದೆ. “ಹಾಗಾದರೆ ನಿಲ್ಲಬೇಡ, ಬಾ,” ಎಂದು ಬಂಡೆಯ ಹಿಂದಿನಿಂದ ನಡೆದಳು.

ಗುಲಾಬಿಯಕ್ಕ ಬೆತ್ತ ಊರಿಕೊಂಡು ಅಂಗಳಕ್ಕೆ ಬಂದಳು. ಅಕ್ಕನ ಒದ್ದೆ ಸೀರೆ ನೋಡಿ ಅವಳ ಬಾಯಿ ಹಾಗೇ ತೆರೆದುಕೊಂಡಿತು. “ನೀನು ಹೊಳೆಯಲ್ಲಿ ಬಂದೆಯಾ ಲೀಲಾ?” ಅಕ್ಕ ನನ್ನ ಕಡೆ ತೋರಿಸಿದಳು. ನಾನು ಎರಡನೆಯ ಸಲ ಎಲ್ಲವನ್ನೂ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ.

ಗುಲಾಬಿಯಕ್ಕ ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿ ಹೇಳಿದಳು, “ಬಾಯಲ್ಲಿ ನಗಾಡಿದೆ ಲೀಲಾ, ಒಳಗೆ ನಿನ್ನನ್ನು ಬೈದೆ. ಮಳೆ ಬಂದು ಸೊಂಟ ನೋಯುವಾಗಲೆಲ್ಲ ಬೈದೆ.”

“ಗೊತ್ತುಂಟು,” ಎಂದಳು ಅಕ್ಕ.

ಊಟದ ಹೊತ್ತಾಗಿತ್ತು. ಗುಲಾಬಿಯಕ್ಕ ಒಳಗೆ ಹೋಗಿ ಎರಡು ಬಟ್ಟಲು ಗಂಜಿ, ಮಾವಿನಕಾಯಿ ಚಟ್ನಿ ತಂದಿಟ್ಟಳು. ಒಂದು ಅಕ್ಕನಿಗೆ, ಒಂದು ತನಗೆ. ನನಗೆ ಬಡಿಸಲಿಲ್ಲ. ನಾನು ಅಂಗಳದ ಅಂಚಿನಲ್ಲಿ ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದೆ.

ಅಕ್ಕ ಒಂದು ಗುಟುಕು ಕುಡಿದಳು. ಅಭ್ಯಾಸದಂತೆ ನನ್ನ ಕಡೆ ತಲೆ ಎತ್ತಿದಳು. ಬಾಯಿ ಅರ್ಧ ತೆರೆದಿತ್ತು. ಹಾಗೆಯೇ ಮುಚ್ಚಿ, ಗುಲಾಬಿಯಕ್ಕನ ಕಡೆ ತಿರುಗಿದಳು.

“ಉಪ್ಪು ಸಾಲದು ಗುಲಾಬಿ. ತಾ ಇಲ್ಲಿ,” ಎಂದಳು.